ಅಟ್ಟ ಹತ್ತಿದ ಪಾಸ್‌ವರ್ಡು

"ನನ್ನ ಪಾಸ್‌ವರ್ಡ್ ಕದಿಯೋ ಕಳ್ಳ ಇನ್ನೂ ಹುಟ್ಟಿಲ್ಲ ಕಣೇ, ಹುಟ್ಟೋದೂ ಇಲ್ಲ!"

ಶೆಟ್ಟಿಕೆರೆ ಪಕ್ಕದ ತನ್ನ ಮನೆಯಲ್ಲಿ ಗಂಗಾಧರ್ ಹೀಗೆ ತೊಡೆ ತಟ್ಟಿ ಘೋಷಿಸಿದಾಗ ಹೆಂಡತಿ ವನಜಾಕ್ಷಿ ಅಕ್ಕಿ ಆರಿಸುತ್ತಿದ್ದಳು. ಒಂದು ಕಲ್ಲು ಹೆಕ್ಕಿ ಎಸೆದಳು.

ಬ್ಯಾಂಕು, ಕರೆಂಟ್ ಬಿಲ್ಲು, ಇಮೇಲು, ಮಗಳು ನಯನಳ ಕಾಲೇಜು ಅರ್ಜಿ, ಹೀಗೆ ಮನೆಯ ಸಮಸ್ತ ಪಾಸ್‌ವರ್ಡುಗಳನ್ನೂ ಅವನು ಕಂಪ್ಯೂಟರಿನೊಳಗಿನ ಒಂದು ತಿಜೋರಿಗೆ ತುಂಬಿದ್ದ. ತಿಜೋರಿಗೆ ಒಂದು ಮಹಾಪಾಸ್‌ವರ್ಡು. ಅದನ್ನು ಕಣ್ಣು ಮುಚ್ಚಿಕೊಂಡು ಸಿಕ್ಕಸಿಕ್ಕ ಕೀಲಿ ಕುಟ್ಟಿ ಹುಟ್ಟಿಸಿದ್ದ. ನನಗೇ ಗೊತ್ತಿಲ್ಲದ್ದು ಕಳ್ಳನಿಗೆ ಹೇಗೆ ಗೊತ್ತಾದೀತು? ಕೊನೆಗೊಂದು ಚಿಹ್ನೆ ಬೇಕೇ ಬೇಕೆಂದು ಯಂತ್ರ ಹಟ ಹಿಡಿದಾಗ ಅದನ್ನೂ ಸೇರಿಸಿ ಕೃತಾರ್ಥನಾದ.

ಬರೆದಿಡುವುದೆಲ್ಲಿ? ಚೀಟಿಯಾದರೆ ಇಲಿ ತಿನ್ನುತ್ತದೆ, ಗೋಡೆಯಾದರೆ ನೆಂಟರು ಓದುತ್ತಾರೆ. ಹೇಳಿ ಕೇಳಿ ತೆಂಗಿನ ಸೀಮೆಯವನು. ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯನ್ನು ವರ್ಷ ತುಂಬುವ ತನಕ ಬ್ರಹ್ಮನೂ ಮುಟ್ಟುವುದಿಲ್ಲ! ಅಂಗಳದಲ್ಲಿ ಆಗತಾನೆ ಕೆಡವಿದ್ದ ಹಸಿಕಾಯೊಂದರ ಮೈಮೇಲೆ ಮಾರ್ಕರಿನಿಂದ ಮಹಾಪಾಸ್‌ವರ್ಡು ಬರೆದ, ಅಟ್ಟದ ಕಾಯಿಗಳ ನಡುವೆ ತೂರಿಸಿದ, ಮೀಸೆ ತಿರುವಿದ. ಆ ಅಟ್ಟದ ಕಾಯಿಗಳಿಗೆ ಆಗಲೇ ವರ್ಷ ತುಂಬಿತ್ತೆಂಬ ಸಣ್ಣ ಸಂಗತಿ ಮಾತ್ರ ಮಹಾಶಯನಿಗೆ ಹೊಳೆಯಲಿಲ್ಲ.

ಮುಂದಿನ ವಾರ ಅವನು ಪ್ರಿಂಟರು ಕೊಳ್ಳಲು ತಿಪಟೂರಿಗೆ ಹೋದ ದಿನ ವನಜಾಕ್ಷಿ ಕಾಯಿ ಸುಲಿಯುವ ದುರ್ಗಯ್ಯನನ್ನು ಕರೆಸಿ ಅಟ್ಟದ ಕಾಯಿ ಇಳಿಸಿ ಸುಲಿಸಿದಳು. ಸಂಜೆ ಬಂದವನ ಕಣ್ಣಿಗೆ ಅಂಗಳದಲ್ಲಿ ಸುಲಿದ ಸಿಪ್ಪೆಯ ಮಟ್ಟೆರಾಶಿ ಬಿತ್ತು, ತಲೆಗೆ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ದೋಸೆಗೆ ಚಟ್ನಿ ಬಲು ರುಚಿಯಾಗಿತ್ತು. ಎರಡು ಸಲ ಹಾಕಿಸಿಕೊಂಡ. ಹಿತ್ತಲಿನ ನೀರೊಲೆಯಿಂದ ಹೊಗೆ ನುಗ್ಗಿದಾಗ ಮಾತ್ರ ಸಿಡುಕಿದ. "ಏನೇ ಇದು, ಸೊಳ್ಳೆ ಓಡಿಸ್ತಿದೀಯೋ, ಗಂಡನ್ನ ಓಡಿಸ್ತಿದೀಯೋ?"

ಅಷ್ಟರಲ್ಲಿ ನಯನ ಕೂಗಿದಳು. "ಅಪ್ಪಾ, ಕಾಲೇಜು ಆಯ್ಕೆ ಮಾಡೋಕೆ ಇವತ್ತು ಮಧ್ಯಾಹ್ನವೇ ಕೊನೆ! ಲಾಗಿನ್ ಮಾಡಿಕೊಡು!"

ದನದ ಡಾಕ್ಟರಾಗಬೇಕೆಂದು ಚಿಕ್ಕಂದಿನಿಂದ ಕನಸು ಕಂಡ ಹುಡುಗಿ ಅದು. ಗಂಗಾಧರ್ ಠೀವಿಯಿಂದ ಕೂತ. ಹಾಳು ಕರೆಂಟು ಹೋಗಿ ಬಂತು. ಅಲ್ಲಿತನಕ ತೆರೆದೇ ಇದ್ದ ತಿಜೋರಿ ಬೀಗ ಹಾಕಿಕೊಂಡು ಮಹಾಪಾಸ್‌ವರ್ಡು ಕೇಳಿತು. ಮರೆತಿದ್ದರೆ ಇಮೇಲ್ ನೋಡಿ ಎಂದಿತು ಕಾಲೇಜಿನವರ ಪುಟ. ಇಮೇಲಿನ ಪಾಸ್‌ವರ್ಡು ತಿಜೋರಿಯೊಳಗೆ!

ಏಣಿ ಹತ್ತಿದ. ಅಟ್ಟದಲ್ಲಿ ಜೇಡರ ಬಲೆ ಬಿಟ್ಟರೆ ಏನೂ ಇಲ್ಲ.

"ವನಜಾ! ನನ್ನ ಕಾಯೆಲ್ಲೇ? ಅದರ ಮೇಲೆ ಪಾಸ್‌ವರ್ಡ್ ಇತ್ತು ಕಣೇ!"

"ಅಯ್ಯೋ, ಎಲ್ಲಾ ಒಣಗಿ ಕೊಬ್ಬರಿಯಾಗಿದ್ರೆ ಇದೊಂದರಲ್ಲೇ ನೀರೈತೆ ಅಂತ ದುರ್ಗಯ್ಯ ಸುಲಿದು ಕೊಟ್ಟನಲ್ಲ, ಅದಾ? ಚಟ್ನಿ ಆಯ್ತಲ್ರೀ. ಎರಡು ಸಲ ಹಾಕಿಸ್ಕೊಂಡ್ರಿ!"

"ಮಟ್ಟೆ?"

"ರಾಶೀಲಿರ್ಬೇಕು."

ಗಂಗಾಧರ್ ಮಟ್ಟೆರಾಶಿಗೆ ಧುಮುಕಿದ. ನಯನ ಅಳುತ್ತಾ ಒಂದೊಂದನ್ನೇ ತಿರುಗಿಸಿ ನೋಡಿದಳು. ವನಜಾಕ್ಷಿ ಮಾತ್ರ ನಿಂತಲ್ಲೇ ಮೂಗರಳಿಸಿ ಕೇಳಿದಳು.

"ವರ್ಷದ ಒಣಮಟ್ಟೆ ಭಗ್ಗಂತ ಉರೀತದೆ. ಇವತ್ಯಾಕ್ರೀ ಹೊಗೆ ಆಡ್ತು?"

ಅಂದವಳೇ ಹಿತ್ತಲಿಗೆ ಓಡಿದಳು. ಒಲೆಯ ಬಾಯಿಂದ ಹೊಗೆಯಾಡುವ ಹಸಿಮಟ್ಟೆಯ ಹಸಿರು ಸೀಳೊಂದನ್ನು ಎಳೆದು ಚೊಂಬು ನೀರು ಸುರಿದಳು. ಅಕ್ಷರಗಳೆಲ್ಲ ನೆಟ್ಟಗಿದ್ದವು! ಈ ಹೆಣ್ಣಿನ ತಲೆಯ ಮುಂದೆ ಯಾವ ಕಂಪ್ಯೂಟರ್ ರೀ! ಆದರೆ ತುದಿ ಸುಟ್ಟು ಕೊನೆಯ ಚಿಹ್ನೆ ಬೂದಿಯಾಗಿತ್ತು. ಗಂಗಾಧರ್ ಒಂದು ಚಿಹ್ನೆ ಹಾಕಿದ, ತಪ್ಪು. ಇನ್ನೊಂದು, ತಪ್ಪು. ಇದೇ ಕೊನೆಯ ಅವಕಾಶ ಎಂದು ತಿಜೋರಿ ಗದರಿತು.

"ಸರೀರಿ ಅತ್ಲಾಗೆ," ಎಂದಳು ವನಜಾಕ್ಷಿ. "ನೆಟ್ಟಗೆ ನಿಂತು ಕಾಲಡಿ ಚುಕ್ಕಿ ಇಟ್ಕೊಂಡಿರ್ತದಲ್ಲ, ಅದನ್ನ ಒತ್ತೇ ನಯನ. ಅಂಗಡಿ ಚೀಟೀಲೂ 'ಉಪ್ಪು!' 'ಸಾಸಿವೆ!' ಅಂತ ಬರೆಯೋ ಮನುಷ್ಯ ನಿಮ್ಮಪ್ಪ. ಇನ್ನೇನು ಹಾಕಿರ್ತಾರೆ?"

ನಯನ ಒತ್ತಿದಳು. ತಿಜೋರಿ ತೆರೆಯಿತು! ಮಧ್ಯಾಹ್ನಕ್ಕೆ ಮೊದಲೇ ಪಶುವೈದ್ಯ ಕಾಲೇಜು ಅವಳ ಪಟ್ಟಿಯ ನೆತ್ತಿಯ ಮೇಲೆ ಕೂತಿತು. ಅಮ್ಮನನ್ನು ತಬ್ಬಿಕೊಂಡು ಕುಣಿದಳು. ಗಂಗಾಧರನಿಗೂ ಕುಣಿಯುವ ಆಸೆಯಾಯಿತು, ಆದರೆ ಮೈತುಂಬ ನಾರು ಅಂಟಿತ್ತು.

ಅವತ್ತೇ ಬದಲಾದ ಹೊಸ ಮಹಾಪಾಸ್‌ವರ್ಡು ವನಜಾಕ್ಷಿಯದು. ಎಲ್ಲೂ ಬರೆದಿಲ್ಲ, ತಲೆಯಲ್ಲೇ ಇದೆ. ಕರೆಂಟ್ ಬಿಲ್ಲು ಕಟ್ಟಬೇಕಾದರೂ ಗಂಗಾಧರ್ ಅವಳನ್ನು ಕೂಗಬೇಕು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬರುತ್ತಾಳೆ. "ತಿರುಗ್ರಿ ಗೋಡೆ ಕಡೆ" ಎನ್ನುತ್ತಾಳೆ. ಅವನು ಕೈಕಟ್ಟಿ ತಿರುಗುತ್ತಾನೆ.

ಮೊನ್ನೆ ತಡೆಯಲಾರದೆ ಗೋಡೆಯನ್ನೇ ನೋಡುತ್ತ ಕೇಳಿದ. "ಕೊನೇಲಿ ನನ್ನ ಆಶ್ಚರ್ಯಸೂಚಕ ಚಿಹ್ನೆ ಇದೆ ತಾನೇ?"

"ಇಲ್ಲ ಕಣ್ರೀ. ಪ್ರಶ್ನಾರ್ಥಕ ಹಾಕಿದೀನಿ. ನಿಮ್ಮ ನೆನಪಿಗೆ."