ಸರಾಸರಿ ಅಳತೆಯ ಉಂಗುರ

ಸುಮ್ಮನೆ ಕೂರಲು ಬಾರದವರಲ್ಲಿ ಎರಡು ಬಗೆ. ಕೆಲವರು ಕಾಲು ಅಲ್ಲಾಡಿಸುತ್ತಾರೆ, ಕೆಲವರು ಬರೆದಿಡುತ್ತಾರೆ. ನಾನು ಎರಡನ್ನೂ ಒಟ್ಟಿಗೆ ಮಾಡುವವನು. ರಾಯಚೂರಿನ ಮನೆಯಿಂದ ಮಾನ್ವಿಯ ಕಚೇರಿಗೆ ದಿನಾ ಹೋಗುವ ಬಸ್ಸು ಕಲ್ಲೂರಿನಲ್ಲಿ ಎಷ್ಟು ನಿಮಿಷ ನಿಂತಿತು, ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಂತು, ಹೆಂಡತಿ ರೇಣುಕಾ ವಾರಕ್ಕೆ ಎಷ್ಟು ಸಲ ನನ್ನ ಮೇಲೆ ಸಿಟ್ಟಾದಳು, ಎಲ್ಲಕ್ಕೂ ನನ್ನ ಡೈರಿಯಲ್ಲಿ ತಾರೀಖು, ವೇಳೆ ಸಮೇತ ದಾಖಲೆ ಇದೆ. ಕೊನೆಯದನ್ನು ಅವಳು ಓದಿದ ದಿನ ಆ ವಾರದ ಸಂಖ್ಯೆಗೆ ಇನ್ನೊಂದು ಸೇರಿತು. ಇಂಥವನ ಬೆರಳಿಗೆ ಯಾರೂ ಉಂಗುರ ಹಾಕಬಾರದಿತ್ತು. ಆದರೆ ಅಳಿಯನಾದವನಿಗೆ ಹಾಕದೆ ಬಿಡುತ್ತಾರೆಯೇ?

ಮದುವೆ ಗೊತ್ತಾದಾಗ ಗಬ್ಬೂರಿನಿಂದ ಹೆಣ್ಣಿನ ಕಡೆಯವರು ಬೆರಳಿನ ಅಳತೆ ಕೇಳಿದರು. ಬೇರೆ ಯಾರಾದರೂ ಒಂದು ದಾರ ಸುತ್ತಿ, ಕತ್ತರಿಸಿ, ಬಸ್ಸಿಗೆ ಹೋಗುವವರ ಕೈಯಲ್ಲಿ ಕೊಟ್ಟು ಮರೆತುಬಿಡುತ್ತಿದ್ದರು. ನಾನು ಏಳು ದಿನ, ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಅಳೆದೆ. ನಮ್ಮೂರಿನ ಬಿಸಿಲಿಗೆ ರೈಲಿನ ಹಳಿಯೇ ಹಿಗ್ಗುವಾಗ ಬೆರಳು ಹಿಗ್ಗದೆ ಇರುತ್ತದೆಯೇ? ಹದಿನಾಲ್ಕು ಅಳತೆಗಳನ್ನು ಕೂಡಿಸಿ, ಭಾಗಿಸಿ, ಸರಾಸರಿಯನ್ನು ಬಿಳಿ ಹಾಳೆಯ ಮೇಲೆ ಬರೆದು, ಕೆಳಗೆ ಸಹಿ ಹಾಕಿ ಕಳಿಸಿದೆ. ದೇವದುರ್ಗದ ಅಕ್ಕಸಾಲಿ ಪತ್ತಾರರು ಹಾಳೆಯನ್ನು ಹಿಂದೆ ಮುಂದೆ ತಿರುವಿ, "ಈ ವರ ಉಂಗುರ ಕೇಳ್ಯಾನೋ, ಹೊಲದ ಸರ್ವೇ ಮಾಡಿಸಾಕ ಹೇಳ್ಯಾನೋ?" ಅಂದರಂತೆ. ಆದರೂ ಕೂದಲೆಳೆಯಷ್ಟು ತಪ್ಪದಂತೆ ಮಾಡಿಕೊಟ್ಟರು. ಆಮೇಲೆ ತಿಳಿಯಿತು, ಸರಾಸರಿ ಎಂಬುದು ಎಲ್ಲ ಹೊತ್ತಿಗೂ ಸೇರಿದ್ದು, ಯಾವ ಹೊತ್ತಿಗೂ ಹೊಂದದ್ದು. ಬೆಳಿಗ್ಗೆ ಉಂಗುರ ಜಾರುತ್ತದೆ, ಮಧ್ಯಾಹ್ನ ಕಚ್ಚುತ್ತದೆ. ಹನ್ನೊಂದರಿಂದ ಹನ್ನೊಂದೂ ಇಪ್ಪತ್ತರವರೆಗೆ ಮಾತ್ರ ಹೇಳಿ ಮಾಡಿಸಿದಂತೆ ಕೂರುತ್ತದೆ. ಆ ಇಪ್ಪತ್ತು ನಿಮಿಷ ನಾನು ಕಚೇರಿಯಲ್ಲಿ ಇರುತ್ತೇನೆ, ನೋಡಲು ಮನೆಯವರು ಯಾರೂ ಇರುವುದಿಲ್ಲ.

ಅತ್ತೆ ದೇವಮ್ಮ ಆ ಉಂಗುರಕ್ಕೆ ತಮ್ಮ ಕಿವಿಯ ಬೆಂಡೋಲೆ ಕೊಟ್ಟಿದ್ದರು ಎಂಬುದು ನನಗೆ ಗೊತ್ತಾದದ್ದು ಮದುವೆಯ ಮಂಟಪದಲ್ಲಿ. ಅವರ ಕಿವಿಯ ತೂತು ಮುಚ್ಚಿಹೋಗದಂತೆ ಜೋಳದ ದಂಟಿನ ಎರಡು ಚೂರು ಸಿಕ್ಕಿಸಿಕೊಂಡಿದ್ದರು. ಕೂಲಿ ಮಾಡಿ ಮಗಳನ್ನು ಓದಿಸಿದ ಹೆಂಗಸು. "ಬ್ಯಾಡಾಗಿತ್ತು ಅತ್ತಿ" ಅಂದೆ. "ನಂದು ಒಂದು ಕಿವಿ, ನಿಮ್ಮದೊಂದು ಬೆರಳು. ಮನ್ಯಾಗ ಇದ್ದಂಗ ಆತಲ್ಲ" ಅಂದು ನಕ್ಕರು. ಅಂದಿನಿಂದ ನನಗೆ ಆ ಉಂಗುರ ನೋಡಿದಾಗಲೆಲ್ಲ ಜೋಳದ ದಂಟೇ ಕಾಣುತ್ತದೆ.

ಅದೇ ದಿನ ಅಕ್ಷತೆ ಮುಗಿದ ಮೇಲೆ ಅರಿಷಿಣದ ನೀರು ತುಂಬಿದ ಕೊಡದಲ್ಲಿ ಉಂಗುರ ಹಾಕಿ ನಮ್ಮಿಬ್ಬರಿಗೂ ಹುಡುಕಲು ಹೇಳಿದರು. ಸಿಕ್ಕವರದ್ದೇ ಮನೆಯಲ್ಲಿ ಮೇಲುಗೈ ಎಂಬ ನಂಬಿಕೆ. ನಾನು ಕೊಡದ ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ನಡುವಿಗೆ ಬರುವ ಕ್ರಮ ಹಿಡಿದೆ. ರೇಣುಕಾ ಕೈ ಹಾಕಿದಳು, ತೆಗೆದಳು. ಮೂರು ಸಲವೂ ಹೀಗೇ. ಅಂದಿನ ಪುಟದಲ್ಲಿ 'ಮೂರು–ಸೊನ್ನೆ' ಎಂದು ಬರೆದುಕೊಂಡೆ.

ಜಾರಿದರೆ ತೆಗೆಯುವುದು, ಕಚ್ಚಿದರೆ ತೆಗೆಯುವುದು, ತೆಗೆದು ಸುಮ್ಮನಿರಲಾಗದೆ ಮತ್ತೆ ಹಾಕುವುದು. ಇದೇ ನನ್ನ ದಿನಚರಿಯಾಯಿತು. ಕಳೆಯಬಾರದೆಂದು ಡೈರಿಯಲ್ಲಿ ಎರಡು ಸಾಲು ಮಾಡಿದೆ: ತೆಗೆದದ್ದು, ಹಾಕಿದ್ದು. ಸಂಜೆ ಎರಡೂ ಸರಿಹೊಂದಿದರೆ ಉಂಗುರ ಬೆರಳಲ್ಲಿದೆ ಎಂದರ್ಥ. ಕಚೇರಿಯಲ್ಲಿ ಪಕ್ಕದ ಮೇಜಿನ ಹಿರಿಯರು ಮೌಲಾಸಾಬರು ನನ್ನನ್ನು ನೋಡಿ ನೋಡಿ ಒಂದು ದಿನ, "ಅದನ್ನ ತಿರುವಿದ್ರ ಫ್ಯಾನ್ ಜೋರ ತಿರುಗ್ತದೇನ್ರಿ?" ಎಂದರು. ಅವಮಾನ ತಡೆಯಲಾರದೆ ಬಸ್ಸಿನಲ್ಲಿ ಮೊಬೈಲು ಹಿಡಿದು ಉಂಗುರದ ಇತಿಹಾಸ ಓದಿದೆ. ಬಹಳ ಹಿಂದೆ ಈಜಿಪ್ಟಿನವರು ನದಿದಂಡೆಯ ಹುಲ್ಲು ಹೆಣೆದು ಉಂಗುರ ಮಾಡುತ್ತಿದ್ದರಂತೆ, ರೋಮಿನವರು ಕಬ್ಬಿಣದ್ದು ಹಾಕುತ್ತಿದ್ದರಂತೆ, ಉಂಗುರದ ಬೆರಳಿನಿಂದ ಒಂದು ನರ ನೇರವಾಗಿ ಹೃದಯಕ್ಕೆ ಹೋಗುತ್ತದೆಂದು ನಂಬಿದ್ದರಂತೆ. ಮರುದಿನ ಇದನ್ನೆಲ್ಲ ಮೌಲಾಸಾಬರಿಗೆ ಒಪ್ಪಿಸಿದೆ. ಅವರು ಶಾಂತವಾಗಿ ಕೇಳಿ, "ಹಂಗಾರ ಮಧ್ಯಾಹ್ನ ಮೂರಕ್ಕ ನಿಮ್ಮ ಹೃದಯಕ್ಕ ರಸ್ತಾ ಬಂದ್ ಅನ್ರಿ" ಎಂದು ಫೈಲಿಗೆ ತಲೆ ಹಾಕಿದರು.

ಅಜ್ಜ ಉಂಗುರ ಹಾಕುತ್ತಿದ್ದರೇ ಎಂದು ಮನೆಯಲ್ಲಿ ನಮ್ಮಜ್ಜಿಯನ್ನೂ ಕೇಳಿದ್ದೆ. ಅಜ್ಜ ಹತ್ತಿ ಗಿರಣಿಯಲ್ಲಿ ಹಮಾಲಿ ಮಾಡಿದವರು, ಉಂಗುರ ಹಾಕಿದರೆ ಕೊಕ್ಕೆಗೆ ಸಿಕ್ಕಿ ಬೆರಳೇ ಹೋಗುತ್ತಿತ್ತು. "ಮತ್ತ ಮದ್ವಿ ಆದವರು ಅಂತ ಮಂದಿಗೆ ಹೆಂಗ ಗೊತ್ತಾಗ್ತಿತ್ತು ಯವ್ವಾ?" ಎಂದರೆ, "ಮಾರಿ ನೋಡಿದ್ರ ಗೊತ್ತಾಗ್ತಿತ್ತು" ಎಂದಳು. ಅದನ್ನೂ ಬರೆದಿಟ್ಟಿದ್ದೇನೆ.

ಮೊನ್ನೆ ಶನಿವಾರ ಅತ್ತೆ ಬರುವವರಿದ್ದರು. ನನಗೂ ರಜೆ. ಒಂಬತ್ತಕ್ಕೆ ತಲೆ ಬಾಚುವಾಗ ನೋಡುತ್ತೇನೆ, ಬೆರಳು ಬರಿದು! ಡೈರಿಗೆ ಓಡಿದೆ. ತೆಗೆದದ್ದು ಎರಡು, ಹಾಕಿದ್ದು ಎರಡು. ಡೈರಿಯ ಪ್ರಕಾರ ಉಂಗುರ ನನ್ನ ಬೆರಳಲ್ಲೇ ಇತ್ತು. ಮತ್ತೊಮ್ಮೆ ಎಣಿಸಿದೆ, ಆಗಲೂ ಇತ್ತು. ಬೆರಳಿನಲ್ಲಿ ಮಾತ್ರ ಇರಲಿಲ್ಲ. ಮನೆಯನ್ನು ನಾಲ್ಕು ಭಾಗ ಮಾಡಿ ಹುಡುಕತೊಡಗಿದೆ. ಹಾಸಿಗೆ ಝಾಡಿಸಿದೆ, ಚಪ್ಪಲಿಯೊಳಗೆ ಕೈ ಹಾಕಿದೆ, ನಿಂತೆ, ಕೂತೆ, ಮತ್ತೆ ಎದ್ದೆ. "ಏನ್ ಹುಡುಕಾಕತ್ತೀರಿ?" ಎಂದಳು ರೇಣುಕಾ. "ಪೆನ್ನು" ಎಂದೆ. ಪೆನ್ನು ಕಿವಿಯ ಸಂದಿಯಲ್ಲಿತ್ತು. ಅವಳು ಅದನ್ನು ನೋಡಿ ಅಡುಗೆಮನೆಗೆ ನಡೆದಳು. ಮೂರನೆಯ ಭಾಗದಲ್ಲಿದ್ದಾಗ ಬಾಗಿಲಲ್ಲಿ ಆಟೋ ನಿಂತಿತು.

ಬಲಗೈ ಜೇಬಿಗೆ ಸೇರಿಸಿದೆ. ಅತ್ತೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಮುಂದೆ ಚಾಚಿದರು. ಎಡಗೈಯಲ್ಲಿ ಇಸಿದುಕೊಂಡೆ. ಅವರ ಹುಬ್ಬು ಮೇಲೇರಿತು.

"ಬಲಗೈಗೇನಾತ್ರಿ ಅಳ್ಯಾರ?"

"ಉಳುಕೇದ ಅತ್ತಿ."

ಇಡೀ ಗಬ್ಬೂರಿಗೆ ಉಳುಕು ತೆಗೆಯುವವರು ಇವರೇ ಎಂಬುದು ನನ್ನ ಡೈರಿಯಲ್ಲಿಯೇ ಇದೆ. ಆದರೆ ಸುಳ್ಳು ಹೇಳುವಾಗ ಯಾರು ಡೈರಿ ನೋಡುತ್ತಾರೆ?

"ರೇಣವ್ವಾ, ಔಡಲೆಣ್ಣಿ ಬೆಚ್ಚಗ ಮಾಡ್ಕೊಂಡು ಬಾ" ಎಂದು ಕೂಗಿ ನನ್ನ ಮಣಿಕಟ್ಟು ಹಿಡಿದು ಜೇಬಿನಿಂದ ಎಳೆದೇಬಿಟ್ಟರು. "ಎಲ್ಲ್ಯದ ನೋವು, ಇಲ್ಲಿ? ಇಲ್ಲಿ?" ಎನ್ನುತ್ತ ಒಂದೊಂದೇ ಬೆರಳು ಒತ್ತುತ್ತ ಬಂದರು. ಉಂಗುರದ ಬೆರಳಿಗೆ ಬಂದು ನಿಂತರು. ಬಿಸಿಲು ಕಾಣದ ಬಿಳಿ ಗೆರೆಯೊಂದು ಅಲ್ಲಿತ್ತು. ಅವರು ಬೈಯಲಿಲ್ಲ. ಅವರಿಗೇ ಗೊತ್ತಿಲ್ಲದೆ ಅವರ ಕೈ ತಮ್ಮ ಕಿವಿಗೆ ಹೋಯಿತು. ಜೋಳದ ದಂಟನ್ನು ಮುಟ್ಟಿ ಮತ್ತೆ ಮಡಿಲಿಗೆ ಬಂತು. ಬೈದಿದ್ದರೆ ಬರೆದುಕೊಳ್ಳಬಹುದಿತ್ತು. ಇದನ್ನು ಯಾವ ಸಾಲಿನಲ್ಲಿ ಬರೆಯಲಿ?

"ಅತ್ತಿ, ಲೆಕ್ಕ ಸರಿ ಅದ, ಉಂಗುರ..." ಎಂದು ತೊದಲಿದೆ.

ಎಣ್ಣೆಯ ಬಟ್ಟಲು ಹಿಡಿದು ಬಂದಿದ್ದ ರೇಣುಕಾ, "ಮುಂಜಾನಿ ಹರವ್ಯಾಗ ಬಿದ್ದ ಲೋಟ ತೆಗೆದವರು ಯಾರ್ರೀ?" ಎಂದಳು.

"ನಾನು."

ಅವಳು ಕುಡಿಯುವ ನೀರಿನ ಮಣ್ಣಿನ ಹರವಿಯ ಹತ್ತಿರ ಹೋದಳು. ಬಳೆ ಹಿಂದೆ ಸರಿಸಿ ಕೈ ಹಾಕಿದಳು, ತೆಗೆದಳು. ಅಂಚಿಲ್ಲ, ನಡುವಿಲ್ಲ, ಸುತ್ತಿಲ್ಲ. ಬೆಳಗಿನ ಜಾರು ಹೊತ್ತಿನಲ್ಲಿ, ತಣ್ಣೀರಿನಲ್ಲಿ ಉಂಗುರ ತಾನಾಗಿ ಕಳಚಿತ್ತು. ತಾನಾಗಿ ಬಿದ್ದದ್ದಕ್ಕೆ ನನ್ನ ಡೈರಿಯಲ್ಲಿ ಸಾಲೇ ಇರಲಿಲ್ಲ.

ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದರು. "ನನ್ನ ಕಿವ್ಯಾಗ ಇಪ್ಪತ್ತು ವರ್ಷ ಇತ್ರಿ. ಒಂದಿನ ಅಳತಿ ಕೇಳಲಿಲ್ಲ ನೋಡ್ರಿ" ಎಂದರು. ಆಮೇಲೆ ನಗು ತಡೆಯಲಾಗದೆ, "ಉಳುಕು ಎಲ್ಲ್ಯದ ಅಂತ ಈಗ ಗೊತ್ತಾತು" ಎಂದು ನನ್ನ ತಲೆಗೇ ಔಡಲೆಣ್ಣೆ ತಟ್ಟಿದರು. ರೇಣುಕಾ ಉಂಗುರದ ಒಳಬದಿಗೆ ಹಳದಿ ದಾರ ಸುತ್ತಿ ನನ್ನ ಬೆರಳಿಗೆ ಹಾಕಿ, "ಬಿಸಿಲೇರಿ ಬಿಗಿ ಆದ್ರ ದಾರ ಬಿಚ್ಚಿದ್ರಾತು" ಎಂದಳು. ಏಳು ದಿನದ ಅಳತೆ ಮಾಡದ ಕೆಲಸವನ್ನು ಒಂದು ಗೇಣು ದಾರ ಮಾಡಿತು.

ಎಣ್ಣೆ ತಲೆಯಲ್ಲೇ ಕೂತು ಡೈರಿ ತೆಗೆದೆ. 'ತಾನಾಗಿ ಬಿದ್ದದ್ದು' ಎಂದು ಮೂರನೆಯ ಸಾಲು ಎಳೆದು, ಒಂದು ಎಂದು ಬರೆದೆ. ಕೆಳಗೆ, ಸತ್ಯಕ್ಕೆ ತಲೆಬಾಗಿ, 'ನಾಲ್ಕು–ಸೊನ್ನೆ' ಎಂದೆ. ಹೆಗಲ ಮೇಲಿಂದ ರೇಣುಕಾ ಬಗ್ಗಿ ನೋಡಿದಳು.

"ನಾಲ್ಕಲ್ಲ, ಐದು ಬರೀರಿ."

"ಐದು ಎಲ್ಲಿಂದ ಬಂತು?"

"ಹೋದ ತಿಂಗಳ ಕಡೀ ಐತಾರ ಅಕ್ಕಿ ಡಬ್ಬ್ಯಾಗ ಸಿಕ್ಕಿತ್ತು. ನೀವು ಉಂಡು ಮಲಗಿದ್ರಿ. ಮಧ್ಯಾಹ್ನ ಹಿಡೀತದಲ್ಲ, ಸೋಪು ಹಚ್ಚಿ ಹಾಕೀನಿ. ಎಚ್ಚರ ಸೈತ ಆಗ್ಲಿಲ್ಲ ನಿಮಗ."

ಪುಟ ತಿರುವಿ ಆ ಭಾನುವಾರ ಹುಡುಕಿದೆ. ನನ್ನದೇ ದುಂಡು ಅಕ್ಷರ: 'ತೆಗೆದದ್ದು ಮೂರು, ಹಾಕಿದ್ದು ಮೂರು. ಲೆಕ್ಕ ಸರಿ. ಮಧ್ಯಾಹ್ನ ಒಳ್ಳೆಯ ನಿದ್ದೆ. ಕೈಗೆ ಯಾಕೋ ಸೋಪಿನ ವಾಸನೆ.'