ನಾನು ಕಡೆದ ಭಜ್ಜಿ

ಎಳ್ಳ ಅಮಾವಾಸ್ಯೆಗೆ ಕಾಳು, ಸೊಪ್ಪು, ತರಕಾರಿ ಬೇಯಿಸಿ, ಕಡಲೆಹಿಟ್ಟು ಹಾಕಿ ಕಡೆಯುವ ಭಜ್ಜಿ ಮಾಡುವುದು ಹೆಂಗಸರು ಹೇಳುವಷ್ಟು ಕಷ್ಟದ ಕೆಲಸವಲ್ಲ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಮಾಡಿ ನೋಡಿರಲಿಲ್ಲ, ಅಷ್ಟೇ!

ಆಗ ನಿಜಾಮರ ಕಾಲ. ನಾನು ಹುಮನಾಬಾದಿನ ಕಚೇರಿಯೊಂದರಲ್ಲಿ ಗುಮಾಸ್ತ. ಅಲ್ಲಿ ಎಲ್ಲರ ಹುಕುಂ ಕೇಳಿ ಬಂದವನು, ಮನೆಯಲ್ಲಿ ತಟ್ಟೆಯ ಮುಂದೆ ಸಾಹೇಬನಾಗುತ್ತಿದ್ದೆ. ಸಾರಿಗೆ ಉಪ್ಪು ಸಾಲದು, ಪಲ್ಯಕ್ಕೆ ಖಾರ ಹೆಚ್ಚು ಎಂದು ದಿನವೂ ಫೈಸಲಾ! ಎಳ್ಳ ಅಮಾವಾಸ್ಯೆ ಹತ್ತಿರ ಬಂದಾಗ ಹೆಂಡತಿ ಕಾಶೀಬಾಯಿಗೆ ರೇಗಿತು.

"ಈ ಸಲ ಭಜ್ಜಿ ನೀವೇ ಮಾಡ್ರಿ. ನಮ್ಮಪ್ಪ ಕಲ್ಯಾಣದಿಂದ ಬರಾಕತ್ತಾನ. ಅವ ಚಲೋ ಆಗ್ಯದ ಅಂದ್ರ ಜನ್ಮಪೂರ್ತಿ ನನ್ನ ಅಡಗಿಯೊಳಗ ತಪ್ಪು ಹಿಡೀರಿ. ಇಲ್ಲಂದ್ರ, ಹಾಕಿದ್ದು ಉಂಡು ಭೇಷ್ ಅನ್ಬೇಕು!"

"ಕಬೂಲ್!" ಎಂದೆ.

ಹಬ್ಬದ ಬೆಳಿಗ್ಗೆ ಅವಳನ್ನು ಹೊರಗೆ ಕಳಿಸಿ ಅಡುಗೆಮನೆಯ ಅಗಳಿ ಹಾಕಿಕೊಂಡೆ. ಹಸಿ ತೊಗರಿ, ಅವರೆ, ಕಡಲೆ ಸೊಪ್ಪು, ಮೆಂತ್ಯ, ಬದನೆ, ಗಜ್ಜರಿ ಎಲ್ಲವನ್ನೂ ಗಡಿಗೆಗೆ ತುಂಬಿದೆ. ಗಡಿಗೆ ಸಾಲಲಿಲ್ಲ. ಸ್ನಾನದ ನೀರು ಕಾಯಿಸುವ ಹಂಡೆಗೆ ಸುರಿದೆ. ಹಂಡೆ ದೊಡ್ಡದೆಂದು ನೀರು ಹೊಯ್ದೆ. ನೀರು ಹೆಚ್ಚಾಯಿತೆಂದು ಡಬ್ಬಿಯಲ್ಲಿದ್ದ ಕಡಲೆಹಿಟ್ಟನ್ನೆಲ್ಲ ಕಲಸಿ ಹಾಕಿದೆ. ಆದರೂ ಸಾರಿನಂತೆ ತೆಳ್ಳಗೇ ಇತ್ತು!

"ಹಿಟ್ಟು ಬೇಕೇನ್ರಿ? ಎಲ್ಲಿ ಅದ ಹೇಳ್ಲೇನು?" ಬಾಗಿಲಾಚೆಯಿಂದ ಕಾಶಿ ಕೂಗಿದಳು.

"ಬ್ಯಾಡ! ನನಗೆಲ್ಲಾ ಗೊತ್ತದ!"

ಹುಡುಕಿದೆ. ಬಚ್ಚಲ ಕಡೆಯ ಗೂಡಿನಲ್ಲಿ ಕುಡಿಕೆ ತುಂಬ ಹಳದಿ ಹಿಟ್ಟು! ಇಂಥಲ್ಲಿ ಯಾಕೆ ಅಡಗಿಸಿಟ್ಟಳು? ನನ್ನನ್ನು ಸೋಲಿಸಲು! ಪೂರ್ತಿ ಸುರಿದೆ.

ಕುದಿ ಬಂದ ಮೇಲೆ ಕಡಗೋಲು ಹಾಕಿ ಕಡೆದೆ. ಭಜ್ಜಿ ಉಬ್ಬಿತು. ನೊರೆ ಎದ್ದು ಹಂಡೆಯ ಕಂಠ ದಾಟಿತು. ಕಾಶಿಯ ಭಜ್ಜಿ ಎಂದಾದರೂ ಹೀಗೆ ಉಕ್ಕಿತ್ತೇ? ರುಚಿ ನೋಡುವ ಆಸೆಯೇನೋ ಆಯಿತು. ಆದರೆ ಹೊಲದಲ್ಲಿ ಭೂಮಿತಾಯಿಗೆ ಎಡೆಯ ತುತ್ತು ಎರಚಿ ಚರಗ ಚೆಲ್ಲುವ ತನಕ ಎಡೆಯ ಅಡುಗೆಯನ್ನು ಎಂಜಲು ಮಾಡಬಾರದು, ಮೂಸಲೂ ಬಾರದು. ನಾನೋ ಮಹಾ ಸಂಪ್ರದಾಯಸ್ಥ!

ಮಧ್ಯಾಹ್ನ ನಮ್ಮ ಹೊಲದಲ್ಲಿ ಮಾವನವರು ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿ ಕಂಬಳಿಯ ಮೇಲೆ ಕೂತರು. ಪಕ್ಕದ ಹೊಲದ ಇಮಾಮಸಾಬರೂ ಜೊತೆಗೂಡಿದರು. ಸಜ್ಜೆ ರೊಟ್ಟಿಯ ಮಗ್ಗುಲಿಗೆ ನಾನೇ ಭಜ್ಜಿ ಬಡಿಸಿದೆ. ಮಾವ ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಮೀಸೆಯ ಮೇಲೊಂದು ಗುಳ್ಳೆ ಎದ್ದು ಟಪ್ಪನೆ ಒಡೆಯಿತು!

ಇಮಾಮಸಾಬರು ತುತ್ತನ್ನು ಮೆಲ್ಲಗೆ ಪಕ್ಕಕ್ಕೆ ಉಗುಳಿ, "ಭಾಳ ಸಾಫ್ ಅದರಿ ಅಡಗಿ" ಎಂದರು.

"ಹಿಟ್ಟು ಎಲ್ಲಿಂದ ತಗೊಂಡ್ರಿ?" ಕಾಶಿ ಕೇಳಿದಳು.

"ಬಚ್ಚಲ ಗೂಡಿನಾಗಿಂದ."

"ಅಯ್ಯ! ಅದು ತಲಿ ತೊಳ್ಕೊಳ್ಳೋ ಸೀಗಿಪುಡಿರೀ! ಕಡ್ಲಿಹಿಟ್ಟು ಬೆರೆಸಿಟ್ಟಿದ್ದೆ!"

ಮಾವ ಮೀಸೆ ಒರೆಸಿಕೊಂಡರು. "ಅಳಿಯಾ, ಮೊದಲೇ ಹೇಳಿದ್ರ ತಲಿಗಿ ಎಣ್ಣಿ ಹಚ್ಕೊಂಡು ಬರ್ತಿದ್ದೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾಚಿಕೆಯಾದರೂ ನನಗೂ ನಗು ತಡೆಯಲಾಗಲಿಲ್ಲ. ನನ್ನ ಭಜ್ಜಿಯನ್ನು ಎತ್ತುಗಳ ಮುಂದಿಟ್ಟರೆ ಅವೂ ಹಿಂದೆ ಸರಿದವು. ಆಗ ಕಾಶಿ ಬುತ್ತಿಯ ಬುಟ್ಟಿಯಿಂದ ಇನ್ನೊಂದು ಗಡಿಗೆ ಭಜ್ಜಿ ತೆಗೆದಳು. ನಾನು ಅಗಳಿ ಹಾಕಿಕೊಂಡಿದ್ದಾಗ ಪಕ್ಕದ ಮನೆಯ ಒಲೆಯಲ್ಲಿ ಮಾಡಿಟ್ಟಿದ್ದಳಂತೆ! ಆ ಮೆತ್ತನೆಯ, ಹುಳಿಹುಳಿ ಭಜ್ಜಿ ಜೀವಕ್ಕೆ ಎಷ್ಟು ಹಿತವಾಯಿತೆಂದರೆ, ಸೋತದ್ದೇ ಮರೆತುಹೋಯಿತು.

ನಮ್ಮ ಹಂಡೆ ಮಾತ್ರ ಆವತ್ತು ಹೊಳೆದಷ್ಟು ಮತ್ತೆಂದೂ ಹೊಳೆಯಲಿಲ್ಲ.

ಕೊಟ್ಟ ಮಾತಿನಂತೆ ಇಂದಿಗೂ ನಡೆಯುತ್ತಿದ್ದೇನೆ. ನಿನ್ನೆ ಕಾಶಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಎರಡನೆಯ ಸಲ ಹಾಕಿಸಿಕೊಂಡು ಉಂಡೆ. ಭೇಷ್ ಎಂದೆ!