ನಂಜಮ್ಮ ಹೇಳಿದ್ದು, ನಾನು ಬರೆದದ್ದು

ಪಕ್ಕದ ಮನೆಯವರು ಈ ಸಲ ಯಾಕೆ ಹಬ್ಬ ಮಾಡಲಿಲ್ಲ, ಎದುರು ಮನೆಯ ಸೊಸೆ ಯಾವ ಯಾವ ದಿನ ದೇವರ ಕೋಣೆಗೆ ಹೋಗುವುದಿಲ್ಲ ಎಂದೆಲ್ಲ ಕೆದಕಿ ಕೇಳುವ ಹೆಂಗಸರಿಗೆ ಬೀದಿಯಲ್ಲಿ ಒಂದು ಹೆಸರಿರುತ್ತದೆ, ಒಳ್ಳೆಯ ಹೆಸರೇನಲ್ಲ. ಅದೇ ಕೆಲಸವನ್ನು ಸಂಬಳ ತೆಗೆದುಕೊಂಡು ಮಾಡಿದರೆ ಸಾಂಸ್ಕೃತಿಕ ಮಾನವಶಾಸ್ತ್ರ ಎನ್ನುತ್ತಾರೆ. ಯಲಹಂಕದ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ನಾನು ಅದನ್ನೇ ಪಾಠ ಮಾಡುತ್ತಿದ್ದೇನೆ. ಚಟ ಮಾತ್ರ ಅದಕ್ಕಿಂತ ಹಳೆಯದು. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆಯವರು ಗೌರಿ ಪೂಜೆಗೆ ಕೂತಾಗ ಪಕ್ಕದಲ್ಲೇ ನೋಟ್‌ಬುಕ್ ಹಿಡಿದು ಕೂತಿದ್ದೆ. "ಬರ್ಕೊಳೋದು ಆಮೇಲಾಗ್ಲಿ, ಮೊದ್ಲು ಆ ಹೂವು ಕಟ್ಟು" ಎಂದಿದ್ದರು. ಆಗಲೇ ಪಾಠ ಕಲಿಯಬಹುದಿತ್ತು.

ನಾನು ತುಂಬ ಹುರುಪಿನಿಂದ ಪಾಠ ಮಾಡುವುದು ಲಿಂಗ ಮತ್ತು ಧರ್ಮದ ಅಧ್ಯಾಯವನ್ನು. ಹೆಣ್ಣು ಹೀಗಿರಬೇಕು, ಗಂಡು ಹಾಗಿರಬೇಕು ಎಂಬುದನ್ನು ಆಯಾ ಸಮಾಜವೇ ಕಲಿಸುತ್ತದೆ, ಒಂದು ಕಡೆ ಮೈಲಿಗೆಯಾದದ್ದು ಇನ್ನೊಂದು ಕಡೆ ಶಕ್ತಿಯಾಗುತ್ತದೆ ಎನ್ನುತ್ತೇನೆ. ಇಂಡೋನೇಷ್ಯದ ಒಂದು ದ್ವೀಪದಲ್ಲಿ ಗಂಡು ಹೆಣ್ಣು ಎರಡೂ ಆಗಿರುವವರೇ ಪುರೋಹಿತರು. ಅಸ್ಸಾಮಿನಲ್ಲಿ ದೇವಿಯೇ ಮುಟ್ಟಾಗುತ್ತಾಳೆಂದು ಮೂರು ದಿನ ಗುಡಿ ಮುಚ್ಚಿ, ಆಮೇಲೆ ಹಬ್ಬ ಮಾಡುತ್ತಾರೆ. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನಲ್ಲೇ ಕರಗ ಹೊರುವ ಗಂಡಸು ಬಳೆ ತೊಟ್ಟು ಮಲ್ಲಿಗೆ ಮುಡಿಯುತ್ತಾನೆ. ಇಷ್ಟು ಹೇಳಿ, ಬೇರೆ ಮೇಷ್ಟರುಗಳು ಅಸೂಯೆಪಡುವಂಥ ಉದಾಹರಣೆಯೊಂದು ನನಗೂ ಸಿಗಬಾರದೇ ಎಂದು ಕೊರಗುತ್ತ ಕೊಡಿಗೇಹಳ್ಳಿಯ ಬಾಡಿಗೆ ಮನೆಗೆ ಬರುತ್ತಿದ್ದೆ. ಉದಾಹರಣೆ ಕೆಳಗಿನ ಮನೆಯಲ್ಲೇ ಇತ್ತು.

ನಂಜಮ್ಮ ನಮ್ಮ ಮನೆಯ ಓನರ್. ಎಪ್ಪತ್ತರ ಹತ್ತಿರದ ವಯಸ್ಸು. ಹಳೇ ಊರಿನ ಮನೆತನ. ಹೊಲವಿದ್ದ ಕಡೆಯೆಲ್ಲ ಈಗ ಅಪಾರ್ಟ್‌ಮೆಂಟುಗಳಿವೆ. ಅಂಥ ಎರಡು ಕಟ್ಟಡಗಳ ನಡುವೆ ಒಂದು ಬೇವಿನ ಮರ, ಅದರ ಕೆಳಗೆ ಶೀಟು ಹೊದಿಸಿದ ಮಾರಮ್ಮನ ಗುಡಿ. ದಿನಾ ಬೆಳಿಗ್ಗೆ ನಂಜಮ್ಮ ಬಿಂದಿಗೆ ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಐದು ವರ್ಷ ನಾನು ಅದನ್ನು ಬಾಲ್ಕನಿಯಿಂದ ನೋಡಿ, ಗುಡಿ ಗುಡಿಸಲು ಹೋಗುತ್ತಾರೆ ಎಂದುಕೊಂಡಿದ್ದೆ. ಗುಡಿಯ ಪೂಜಾರಿ ಅವರೇ ಎಂಬುದು ತಿಳಿದದ್ದು ಒಂದು ಸಂಜೆ, ಅವರ ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುವಾಗ. ಅವರಿಗಿಂತ ಮೊದಲು ಅವರ ಅತ್ತೆ, ಅದಕ್ಕೂ ಮೊದಲು ಅತ್ತೆಯ ಅತ್ತೆ. ಹಾಗೆ ಪೂಜೆ ಸೊಸೆಯಿಂದ ಸೊಸೆಗೆ ಇಳಿದು ಬಂದಿತ್ತು.

"ವಯಸ್ಸಿನಲ್ಲಿದ್ದಾಗ, ತಿಂಗಳಿನ ಆ ದಿನಗಳಲ್ಲಿ ಪೂಜೆ ಯಾರು ಮಾಡ್ತಿದ್ರಮ್ಮ?" ಎಂದು ಕೇಳಿದೆ.

ನಂಜಮ್ಮ ಬೀದಿಯ ಎರಡೂ ಕಡೆ ನೋಡಿ ದನಿ ತಗ್ಗಿಸಿದರು. "ನಾನೇ ಮೇಡಂ. ಮಾರಮ್ಮನೂ ಎಂಗುಸೇ ಅಲ್ವಾ, ಅವ್ಳಿಗೆ ಗೊತ್ತಾಗಕಿಲ್ವಾ? ನಾನು ಮೂರು ದಿನ ಒರಗಡೆ ಕುಂತ್ಕಂಡ್ರೆ ಅವ್ಳಿಗೆ ನೀರು ಉಯ್ಯೋರು ಯಾರು? ನಮ್ಮತ್ತೇನೇ ಇಂಗ್ ಮಾಡು ಅಂದಿದ್ದು. ಇದ್ನ ಯಾರ್ಗೂ ಯೇಳಿಲ್ಲ. ನೀವು ಓದ್ದೋರು ಅಂತ ಯೇಳ್ದೆ."

ನನ್ನ ಕೈಯಲ್ಲಿದ್ದ ಅವರೆಕಾಯಿ ಮೊರಕ್ಕೆ ಬಿತ್ತು. ಓಡಿಹೋಗಿ ನೋಟ್‌ಬುಕ್ ತಂದು, "ಬರ್ಕೊಳ್ಳಲಾ?" ಎಂದೆ. "ಬರ್ಕೊಳಿ, ಅದ್ಕೇನು" ಎಂದರು. ಬರೆದುಕೊಳ್ಳುವುದಕ್ಕೂ ಬರೆಯುವುದಕ್ಕೂ ಕನ್ನಡದಲ್ಲಿ ವ್ಯತ್ಯಾಸವಿದೆ. ಅವರು ಒಪ್ಪಿದ್ದು ಮೊದಲನೆಯದಕ್ಕೆ. ನಾನು ಎರಡನ್ನೂ ಮಾಡಿದೆ.

ಲೇಖನ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂತು. ಮಾಹಿತಿ ಕೊಟ್ಟವರಿಗೆ ನಮ್ಮಿಂದ ಕೇಡಾಗಬಾರದು ಎಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಪ್ರತಿ ವರ್ಷ ಮೊದಲನೇ ವಾರದಲ್ಲೇ ಅದನ್ನು ಮುಗಿಸಿ ಮುಂದಕ್ಕೆ ಹೋಗುತ್ತೇನೆ. ಹಾಗಾಗಿ ಊರಿನ ಹೆಸರು ಬಿಟ್ಟೆ. ವಿಮಾನ ನಿಲ್ದಾಣದ ರಸ್ತೆ, ಬೇವಿನ ಮರ, ಎರಡು ಅಪಾರ್ಟ್‌ಮೆಂಟುಗಳನ್ನು ಮಾತ್ರ ವಿವರವಾಗಿ ವರ್ಣಿಸಿದೆ. ನಂಜಮ್ಮನ ಹೆಸರನ್ನು ಲಕ್ಷ್ಮಮ್ಮ ಎಂದು ಬದಲಾಯಿಸಿದೆ. ನಮ್ಮ ತರಗತಿಯಲ್ಲಿದ್ದ ಅದೇ ಊರಿನ ಹುಡುಗಿಯೊಬ್ಬಳು ಹೆಮ್ಮೆಯಿಂದ ಆ ಪುಟಗಳ ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದಳು.

ಎರಡೇ ದಿನಕ್ಕೆ ಮೂರನೇ ಮನೆಯ ಲಕ್ಷ್ಮಮ್ಮ ನಮ್ಮ ಮೆಟ್ಟಿಲು ಹತ್ತಿ ಬಂದರು. ಆ ಬೀದಿಯಲ್ಲಿ ನಿಜವಾಗಿಯೂ ಒಬ್ಬ ಲಕ್ಷ್ಮಮ್ಮ ಇದ್ದಾರೆ, ಹಬ್ಬದ ದಿನ ಗುಡಿಯಲ್ಲಿ ನಂಜಮ್ಮನಿಗೆ ನೆರವಾಗುವವರೂ ಅವರೇ ಎಂಬುದು ಇಪ್ಪತ್ತು ವರ್ಷದ ಅನುಭವವಿರುವ ಸಂಶೋಧಕಿಗೆ ಗೊತ್ತಿರಲಿಲ್ಲ.

"ನಾನು ಯಾವತ್ತು ಮೇಡಂ ಆ ದಿನದಾಗೆ ಗುಡಿ ಮೆಟ್ಟಿದ್ದು? ಸೊಸೆ ತವರಿನೋರೆಲ್ಲ ಅದ್ನ ಓದವ್ರೆ. ನಾನು ಅವ್ರಿಗೆ ಎಂಗೆ ಮುಖ ತೋರ್ಸಲಿ?"

"ಅಯ್ಯೋ, ಅದು ನೀವಲ್ಲಮ್ಮ, ಸುಮ್ನೆ ಇಟ್ಟ ಹೆಸರು" ಎಂದೆ.

"ಅಂಗಾರೆ ಯಾರು?"

ತರಗತಿಯಲ್ಲಿ ಒಂದು ಗಂಟೆ ಬಿಡದೆ ಮಾತಾಡುವ ನನಗೆ ಒಂದು ಸುಳ್ಳೂ ಹೊಳೆಯಲಿಲ್ಲ. ಲಕ್ಷ್ಮಮ್ಮ ನನ್ನ ಮುಖ ನೋಡಿದರು, ಆಮೇಲೆ ನಿಧಾನವಾಗಿ ಕೆಳಗಿನ ಮನೆಯ ಬಾಗಿಲ ಕಡೆ ನೋಡಿದರು. ಸಂಜೆಯೊಳಗೆ ಊರಿಗೇ ಗೊತ್ತಾಯಿತು.

ಗುಡಿ ಸಮಿತಿಯ ಅಧ್ಯಕ್ಷ ನಾಗರಾಜಪ್ಪ ನಂಜಮ್ಮನ ಮೈದುನನ ಮಗ, ಕಟ್ಟಡ ಕಟ್ಟಿಸುವವರು. ಗುಡಿಯನ್ನು ಕಲ್ಲಿನಲ್ಲಿ ಕಟ್ಟಿಸಬೇಕೆಂಬ ಯೋಚನೆ ಅವರಿಗೆ ಮೊದಲೇ ಇತ್ತು. ಈಗ ಶುದ್ಧಿ ಹೋಮ ಮಾಡಿಸುವುದು, ಹೊರಗಿನಿಂದ ಅರ್ಚಕರನ್ನು ಕರೆಸುವುದು ಎಂದೂ ತೀರ್ಮಾನವಾಯಿತು. ನಾನು ಅವರ ಆಫೀಸಿಗೆ ಹೋಗಿ ವಾದ ಮಾಡಿದೆ. ಅಸ್ಸಾಮಿನ ದೇವಿ, ಇಂಡೋನೇಷ್ಯದ ಪುರೋಹಿತರು, ಕರಗ, ಒಂದನ್ನೂ ಬಿಡಲಿಲ್ಲ. ಅವರು ಕಾಫಿ ತರಿಸಿ, ಪೂರ್ತಿ ಕೇಳಿಸಿಕೊಂಡರು. ಕೇಳದೆ ಎದ್ದುಹೋಗಿದ್ದರೆ ಬೈದುಕೊಂಡಾದರೂ ಬರಬಹುದಿತ್ತು.

"ನಿಮ್ ಲೇಖನ ಮೂರು ಸಲ ಓದಿದೀನಿ ಮೇಡಂ. ದೊಡ್ಡಮ್ಮ ಅಂದ್ರೆ ನಮ್ಗೂ ಗೌರವಾನೇ. ಅವ್ರು ಹೆಂಗೆ ಪೂಜೆ ಮಾಡ್ತಾರೆ ಅಂತ ನಾವ್ಯಾರೂ ಯಾವತ್ತೂ ಕೇಳ್ದೋರಲ್ಲ. ಕೇಳ್ದೆ ಇದ್ದಿದ್ದಕ್ಕೇ ಇಷ್ಟು ವರ್ಷ ನಡೀತು. ಈಗ ಪ್ರಿಂಟಲ್ಲೇ ಬಂದ್ಬಿಟ್ಟಿದೆ. ಅಪಾರ್ಟ್‌ಮೆಂಟಿನವ್ರೆಲ್ಲ ಕೇಳ್ತಾರೆ, ನಾನೇನು ಹೇಳ್ಲಿ?"

ಎಷ್ಟೋ ಸಮಾಜಗಳಲ್ಲಿ ಹೆಂಗಸರ ಧರ್ಮ ಗಂಡಸರ ಕಣ್ಣಿಗೆ ಬೀಳದೆ, ಯಾರ ಅಪ್ಪಣೆಯನ್ನೂ ಕೇಳದೆ ಮೂಲೆಯಲ್ಲಿ ಬದುಕಿರುತ್ತದೆ ಎಂದು ನಾನೇ ಪಾಠ ಮಾಡಿದ್ದೆ. ಅದನ್ನು ನನಗಿಂತ ಚೆನ್ನಾಗಿ ನಾಗರಾಜಪ್ಪ ಎರಡು ಮಾತಿನಲ್ಲಿ ಹೇಳಿದ್ದರು. ಆ ಮೂಲೆಗೆ ಟಾರ್ಚು ಬಿಟ್ಟವಳು ನಾನು. ಎದ್ದು ಬರುವಾಗ ಅವರು, "ಈಗ ಹೇಳಿದ್ರಲ್ಲ ಅಸ್ಸಾಮಿಂದು, ಅದನ್ನೂ ಬರೀರಿ ಮೇಡಂ, ಚೆನ್ನಾಗಿರುತ್ತೆ" ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ.

ಹೊಸ ಗುಡಿಯ ಪ್ರತಿಷ್ಠೆಯ ದಿನ ನಂಜಮ್ಮ ಹಸಿರು ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಸ್ಟೀಲ್ ಕಂಬಿಯ ಆಚೆ ಹೆಂಗಸರ ಸಾಲಿನಲ್ಲಿ ನಿಂತಿದ್ದರು, ಅವರ ಹಿಂದೆ ನಾನು. ಅರ್ಚಕರು ತೀರ್ಥ ಕೊಡುತ್ತ ಬಂದರು. ಅಷ್ಟು ವರ್ಷ ಮಾರಮ್ಮನ ಕಲ್ಲಿಗೆ ನೀರು ಹುಯ್ದ ಕೈಯನ್ನು ನಂಜಮ್ಮ ಎಲ್ಲರ ಹಾಗೆ ಬೊಗಸೆ ಮಾಡಿ ಚಾಚಿದರು. ತೀರ್ಥ ಕುಡಿದು ಕೈಯನ್ನು ತಲೆಗೆ ಒರೆಸಿಕೊಂಡರು. ನನ್ನ ಸರದಿ ಬಂದಾಗ ನನಗೆ ಕೈ ಚಾಚಲಾಗಲಿಲ್ಲ.

"ನನ್ನಿಂದ ತಪ್ಪಾಯ್ತಮ್ಮ" ಎಂದೆ, ಮನೆಗೆ ನಡೆದು ಬರುವಾಗ.

"ನೀವೇನು ಸುಳ್ಳು ಬರೀಲಿಲ್ವಲ್ಲ, ಬಿಡಿ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವರು ಮನೆ ಖಾಲಿ ಮಾಡಿ ಎನ್ನಲಿಲ್ಲ, ಮಾತೂ ಬಿಡಲಿಲ್ಲ. ಈಗಲೂ ಸಂಜೆ ಕಾಫಿಗೆ ಕರೆಯುತ್ತಾರೆ. ಮಂಡಿ ನೋವು, ಟ್ಯಾಂಕಿಗೆ ನೀರು ಬರದ್ದು, ಸೊಪ್ಪಿನವನ ದುರಾಸೆ, ಎಲ್ಲ ಮಾತಾಡುತ್ತಾರೆ. ಗುಡಿಯ ಮಾತು ಬಂದರೆ ಮಾತ್ರ ಸೆರಗು ಸರಿಮಾಡಿಕೊಂಡು ಒಳಗೆ ಎದ್ದುಹೋಗುತ್ತಾರೆ. ಕಳೆದ ವಾರ ತಡೆಯಲಾರದೆ ಕೇಳಿಯೇಬಿಟ್ಟೆ: "ಅಮ್ಮನಿಗೆ ದೀಪ ಹಚ್ಚೋದು ಬಿಟ್ಟೇಬಿಟ್ರಾ?"

ನಂಜಮ್ಮ ನೋಟ್‌ಬುಕ್ಕಿಲ್ಲದ ನನ್ನ ಬರಿಗೈಗಳನ್ನು ಒಮ್ಮೆ ನೋಡಿದರು.

"ಬಿಟ್ಟಿಲ್ಲ, ಅಚ್ತೀನಿ" ಎಂದರು. "ಎಲ್ಲಿ ಅಂತ ಯೇಳಕಿಲ್ಲ."

ತಲೆಯಾಡಿಸಿ, ಲೋಟ ತೊಳೆದಿಟ್ಟು ಎದ್ದೆ. ಮೆಟ್ಟಿಲು ಹತ್ತುವಾಗ ಎಲ್ಲಿಂದಲೋ ಎಳ್ಳೆಣ್ಣೆಯ ದೀಪದ ವಾಸನೆ ಬಂತು. ಹಿತ್ತಲಿನ ಕಡೆಯಿಂದಲೋ, ಅಡುಗೆಮನೆಯ ಕಿಟಕಿಯಿಂದಲೋ ಎಂದು ನಾಲ್ಕನೇ ಮೆಟ್ಟಿಲಲ್ಲೇ ನಿಂತು ಮೂಗು ಎತ್ತಿ ಹುಡುಕುತ್ತಿದ್ದವಳಿಗೆ, ನಾನೇನು ಮಾಡುತ್ತಿದ್ದೇನೆಂದು ತಿಳಿಯಲು ತುಸು ಹೊತ್ತೇ ಹಿಡಿಯಿತು.